ಈಚಲ ಹಳ್ಳದ ಹುಲಿಗೆವ್ವ

ಇಟಗಿಯಿಂದ ಗಜೇಂದ್ರಗಡದ ಕಡೆ ಹೋಗುವ ರಸ್ತೆ ಬಿಟ್ಟು ಕೆಳಗಿಳಿದರೆ ಒಂದು ಹಳ್ಳ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶ್ರಾವಣದ ಜಿಟಿಜಿಟಿ ಮಳೆಗೆ ನೆನೆದ ಎರೆಮಣ್ಣು ನನ್ನ ಬೂಟಿಗೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಸತಾಯಿಸುತ್ತಿದೆ. ಸೊಂಟಕ್ಕೆ ಕುಡಗೋಲು ಸಿಕ್ಕಿಸಿ, ಹೆಗಲಿಗೆ ಹಗ್ಗ ಹಾಕಿಕೊಂಡು ಮುಂದೆ ಬರಿಗಾಲಲ್ಲಿ ನಡೆಯುತ್ತಿರುವ ಹುಲಿಗೆವ್ವ ಕೊರವರ ತಿರುಗಿ ನೋಡಿ ನಗುತ್ತಾರೆ. "ಅವನ್ನ ಕಳದು ಕೈಯಾಗ ಹಿಡ್ಕೋರಿ. ಎರಿಮಣ್ಣು ಬೂಟಿಗೆ ದಾರಿ ಬಿಡಂಗಿಲ್ಲ."

ಅವರಿಗೆ ಇವತ್ತು ದೊಡ್ಡ ದಿನ. ತಾವೇ ಬೀಜ ಊರಿ ಬೆಳೆಸಿದ ಈಚಲ ಗಿಡದ ಗರಿಯನ್ನು ಮೊದಲ ಸಲ ಕೊಯ್ಯಲು ಹೊರಟಿದ್ದಾರೆ. ಸೊಸೆ ನಿರ್ಮಲಾಗೆ ದಿನ ತುಂಬಿವೆ. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಊರ ಹಳ್ಳದ ಈಚಲ ಚಾಪೆಯ ಮೇಲೆ ಮಲಗಿಸುವುದು ಇವರ ಮನೆತನದ ಪದ್ಧತಿ. ಹುಲಿಗೆವ್ವನ ಮಗ ಹಾಗೆಯೇ ಮಲಗಿದ್ದ. ಆ ಮಗನ ಕೂಸಿಗೆ ಹೊತ್ತಿಗೆ ಸರಿಯಾಗಿ ಚಾಪೆ ಸಿಗಬೇಕು ಎಂಬುದೊಂದೇ ಈಗ ಅವರ ಚಿಂತೆ.

ಒಂದು ಕಾಲಕ್ಕೆ ಈ ದಂಡೆಯ ತುಂಬ ಈಚಲು. ಕೊರವರ ಓಣಿಯ ಹೆಂಗಸರೆಲ್ಲ ಇಲ್ಲಿಂದಲೇ ಗರಿ ತಂದು ಕಸಬರಿಗೆ ಕಟ್ಟುತ್ತಿದ್ದರು, ಚಾಪೆ ಹೆಣೆಯುತ್ತಿದ್ದರು. ಆದರೂ ಗಿಡ ಕಡಿಮೆಯಾಗಿರಲಿಲ್ಲ. ಅದು ಹೇಗೆ ಎಂದು ಕೇಳಿದರೆ ಹುಲಿಗೆವ್ವನಿಗೆ ಅದೊಂದು ಪ್ರಶ್ನೆಯೇ ಅಲ್ಲ. "ನಟ್ಟನಡುವಿನ ಸುಳಿ ಮುಟ್ಟಬಾರದ್ರಿ. ಹೊರಗಿನ ಗರಿ ಅಷ್ಟ ಕೊಯ್ಯಬೇಕು. ಒಮ್ಮೆ ಕೊಯ್ದ ಗಿಡದ ತಂಟೆಕ ಮತ್ತ ಚಿಗುರೋ ತನಕ ಹೋಗಬಾರದು. ಹಣ್ಣ ತಿಂದ್ರ ಬೀಜ ಎಲ್ಲೆಂದರಲ್ಲಿ ಉಗಳಂಗಿಲ್ಲ, ಸೆರಗಿನಾಗ ಕಟ್ಕೊಂಡ ಬಂದು ದಂಡ್ಯಾಗ ಹಿಮ್ಮಡದಿಂದ ಒತ್ತಬೇಕು. ನಮ್ಮತ್ತಿ ಹಂಗ ಮಾಡ್ತಿದ್ಲು, ನಾವೂ ಮಾಡ್ತೀವಿ."

ಮುಂದೊಂದು ಬೇಸಿಗೆಯಲ್ಲಿ ಹಳ್ಳ ಅಗಲ ಮಾಡಲು ಯಂತ್ರ ಬಂತು. ಸಂಜೆಯೊಳಗೆ ಈಚಲೆಲ್ಲ ಬೇರು ಮೇಲಾಗಿ ಬಿತ್ತು. ಅವುಗಳ ಗರಿಗೆ ಜೋತಾಡುತ್ತಿದ್ದ ಗೀಜಗನ ಗೂಡುಗಳೂ ಹೋದವು. ಓಣಿಯ ಹೆಂಗಸರು ಹಣ್ಣು ಮಾರುವುದಕ್ಕೋ ಕೂಲಿಗೋ ಹೊರಳಿದರು. ಹುಲಿಗೆವ್ವ ಮಾತ್ರ ಬಸ್ಸು ಹತ್ತಿ ದೂರದ ಊರುಗಳಿಂದ ಗರಿ ತಂದು ಇಂದಿಗೂ ದಿನಕ್ಕೆ ಇಪ್ಪತ್ತು ಕಸಬರಿಗೆ ಕಟ್ಟುತ್ತಾರೆ, ಗಜೇಂದ್ರಗಡದ ಬಸ್ ನಿಲ್ದಾಣದ ಹೊರಗೆ ಕೂತು ಮಾರುತ್ತಾರೆ. ಪಕ್ಕದಲ್ಲೇ ಬಣ್ಣಬಣ್ಣದ ಪ್ಲಾಸ್ಟಿಕ್ ಕಸಬರಿಗೆಗಳು ನೇತಾಡುತ್ತಿರುತ್ತವೆ. ಗಿರಾಕಿಗಳ ಕಣ್ಣು ಮೊದಲು ಅತ್ತಲೇ.

ಗರಿ ಹೋದದ್ದಕ್ಕಿಂತ ಹಕ್ಕಿ ಹೋದದ್ದೇ ಅವರನ್ನು ಹೆಚ್ಚು ಕಾಡಿದೆ. "ಅವೂ ಗರಿ ಸೀಳಿ ಹೆಣಿಯೋವು, ನಾವೂ ಗರಿ ಸೀಳಿ ಹೆಣಿಯೋವ್ರು. ನಾವು ದಂಡಿಮ್ಯಾಲೆ, ಅವು ಗಿಡದ ಮ್ಯಾಲೆ. ಅವುಗಳ ಗದ್ದಲದಾಗ ಕೈ ತಾನ ಓಡತಿತ್ತು. ಈಗ ಹೆಣಿಲಿಕ್ಕೆ ಕೂತರ ಭಾಳ ಬಿಕೋ ಅನಸ್ತೈತ್ರಿ." ಇಷ್ಟು ಹೇಳಿ ಅವರು ಹಳ್ಳದತ್ತ ಮುಖ ತಿರುಗಿಸುತ್ತಾರೆ.

ಗಿಡ ಹೋದ ಮೇಲಿನ ಮೊದಲ ಮಳೆಗಾಲದಿಂದಲೇ ದಂಡೆ ಕುಸಿಯತೊಡಗಿತು. ಹಳ್ಳಕ್ಕೆ ಹತ್ತಿದ ಹೊಲ ಕಾಶೀಂಸಾಬರದು. ಅವರ ಹೊಲದ ಅಂಚು ವರ್ಷವರ್ಷವೂ ನೀರುಪಾಲಾಯಿತು. ಹುಲಿಗೆವ್ವ ಬೀಜ ಊರಲು ಬಂದಾಗ ಅವರು ಬೇಡವೆನ್ನಲಿಲ್ಲ, ಮುಳ್ಳು ತಂದು ಸುತ್ತ ಬೇಲಿ ಹಚ್ಚಿದರು. ಆದರೂ ಆಡಿನ ಬಾಯಿಂದ ಪಾರಾಗಿ ಎತ್ತರಕ್ಕೆ ಬೆಳೆದದ್ದು ಒಂದೇ ಒಂದು. ಉಳಿದವು ಇನ್ನೂ ಮೊಣಕಾಲೆತ್ತರ. "ಆ ಒಂದ ಗಿಡ ಇದ್ದಲ್ಲಿ ಮಾತ್ರ ಮಣ್ಣ ಗಟ್ಟಿ ನಿಂತೈತಿ, ನೋಡ್ರಿ" ಎಂದು ಬದುವಿನ ಮೇಲೆ ಕೂತ ಕಾಶೀಂಸಾಬರು ಕೈ ತೋರಿಸುತ್ತಾರೆ. ಆಮೇಲೆ ಹುಲಿಗೆವ್ವನತ್ತ ತಿರುಗಿ, "ಏನವಾ, ಅಜ್ಜಿ ಆಗೂ ಮೊದಲ ಕುಡಗೋಲ ಮಸೆದಿ ಏನು?" ಎಂದು ಕಾಡಿಸುತ್ತಾರೆ.

ಹುಲಿಗೆವ್ವ ನಗುತ್ತ ಮುಂದೆ ನಡೆಯುತ್ತಾರೆ. ನೀರಿನ ಮೇಲೆ ಬಾಗಿದ ಗಿಡದ ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟಿದ್ದಾರೆ. ಒಂದು ಗರಿಯ ತುದಿಗೆ ಹಸಿರು ಎಳೆಗಳ ಪುಟ್ಟ ಉಂಗುರ. ಅದಕ್ಕೆ ತಲೆಕೆಳಗಾಗಿ ಜೋತುಬಿದ್ದ ಹಳದಿ ನೆತ್ತಿಯ ಗೀಜಗವೊಂದು ಕೊಕ್ಕಿನಿಂದ ಎಳೆಯನ್ನು ಅತ್ತ ಹಾಕಿ ಇತ್ತ ಎಳೆಯುತ್ತಿದೆ.

ಕುಡಗೋಲು ಸೊಂಟದಲ್ಲೇ ಉಳಿಯುತ್ತದೆ. ಗೂಡು ಹತ್ತಿದ ಗಿಡಕ್ಕೆ ಮರಿ ಹಾರುವ ತನಕ ಕಬ್ಬಿಣ ಮುಟ್ಟಿಸಬಾರದು ಎಂಬುದು ಕೊರವರ ಕಟ್ಟಳೆ.

ಕಾಶೀಂಸಾಬರಿಗೆ ತಡೆಯಲಾಗುವುದಿಲ್ಲ. "ಈ ಕಡೆ ಗರಿ ಅಷ್ಟ ಕೊಯ್ಕೊ. ಅದಕ್ಕೇನ ತಿಳೀತೈತಿ? ಕೂಸಿನ ಸಲುವಾಗಿ ಅಲ್ಲೇನು?"

"ಗಿಡ ಅಲುಗಿದ್ರ ತಿಳೀತೈತ್ರಿ" ಎಂದು ಹುಲಿಗೆವ್ವ ದನಿ ತಗ್ಗಿಸಿ ಹೇಳುತ್ತಾರೆ. "ಬಿಟ್ಟ ಹೋತಂದ್ರ ಮತ್ತ ಬರಂಗಿಲ್ಲ."

ಮಹಾನವಮಿಯ ಹೊತ್ತಿಗೆ ಮರಿಗಳು ಹಾರಬಹುದು. ಅಷ್ಟರೊಳಗೆ ಕೂಸು ತೊಟ್ಟಿಲು ಸೇರಿರುತ್ತದೆ. ಬೇರೆ ಊರಿನ ಗರಿಯ ಚಾಪೆಯೇ ಗತಿ. ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ. ಹುಲಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಮರೆಮಾಡುವುದಿಲ್ಲ.

"ಆತ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಚಾಪಿ ಮುಂದಿನ ಕೂಸಿಗೂ ಆಕ್ಕೈತಿ. ಈ ಕೂಸಿನ್ನ ಇಲ್ಲಿ ಎತ್ಕೊಂಡ ಬಂದು ದಂಡಿಮ್ಯಾಲೆ ಕುಂದರತೀನಿ. ನಮ್ಮತ್ತಿ ನನ್ನ ಮಗನಿಗೆ ಕೇಳಿಸಿದ ಗದ್ದಲ ಇದಕ್ಕೂ ಕೇಳಸಲಿ."

ಖಾಲಿ ಹಗ್ಗವನ್ನು ಹೆಗಲಿಗೆ ಸರಿಮಾಡಿಕೊಂಡು ಅವರು ಬಸ್ಸಿನ ದಾರಿ ಹಿಡಿಯುತ್ತಾರೆ. ಸ್ವಲ್ಪ ದೂರ ಹೋದವರು ನಿಂತು, ನನಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿ, ಹಳ್ಳದ ಕಡೆ ಕಿವಿಗೊಡುತ್ತಾರೆ.