ನಾಲ್ಕು ಕ್ಯಾನು ಬೋರಿನ ನೀರು

ಈಶಪ್ಪ ಹುಟ್ಟಿದ್ದು ಕಾಲುವೆ ತೋಡುತ್ತಿದ್ದ ವರ್ಷ. ಅವನ ಅವ್ವ ಹೆರಿಗೆಯ ಹಿಂದಿನ ದಿನದವರೆಗೂ ಮಣ್ಣಿನ ಬುಟ್ಟಿ ಹೊತ್ತಿದ್ದಳಂತೆ. ಇದನ್ನು ಹೇಳುವಾಗ ಕಾಲುವೆಯನ್ನು ತಾನೇ ತೋಡಿದವನ ಹಾಗೆ ಎದೆಯುಬ್ಬಿಸುತ್ತಾನೆ. ಅವನ ಊರು ವನದುರ್ಗದ ಆಚೆ, ಕಾಲುವೆಯಿಂದ ಒಂದು ಮೈಲಿ ದೂರದ ದಿಬ್ಬದ ಮೇಲಿದೆ. ಕಾಲುವೆ ನೀರು ಕೆಳಗಿನ ಗದ್ದೆಗಳಿಗೆ ಹರಿಯಿತು, ಭತ್ತ ಬಂತು, ಶಹಾಪುರದಲ್ಲಿ ರೈಸ್ ಮಿಲ್ಲುಗಳು ಎದ್ದವು. ಊರಿನವರಿಗೆ ಕುಡಿಯಲು ಸಿಕ್ಕಿದ್ದು ಮಾತ್ರ ಬೋರು.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಈಶಪ್ಪ ಮಿಲ್ಲಿನಲ್ಲಿ ಚೀಲ ಹೊತ್ತ, ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾರಿದ, ಕೊನೆಗೆ ಯಾದಗಿರಿಯ ಹೊರಗಿದ್ದ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಅಟೆಂಡರ್ ಆದ. ಗುತ್ತಿಗೆಯ ನೌಕರಿ. ಪ್ರತಿ ಮಾರ್ಚಿನಲ್ಲಿ ವಿಭಾಗದ ಮುಖ್ಯಸ್ಥ ಬಸವಂತ್ರಾಯ ಸರ್ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ವಿಭಾಗದ ಬಾಗಿಲ ಮೇಲೆ ನ್ಯಾನೋ ತಂತ್ರಜ್ಞಾನ ಎಂದು ಬರೆದಿತ್ತು. ನ್ಯಾನೋ ಅಂದರೇನು ಎಂದು ಊರಿನವರು ಕೇಳಿದರೆ, “ಹಿಟ್ಟು ಮಾಡೂದು. ಆದ್ರ ಯಾವ ಗಿರಣ್ಯಾಗೂ ಅಷ್ಟು ಸಣ್ಣ ಬೀಸಾಕ ಆಗೂದಿಲ್ಲ” ಎನ್ನುತ್ತಿದ್ದ. ಅದೇನೂ ಪೂರಾ ತಪ್ಪಲ್ಲ.

ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಮೋನಮ್ಮ ಕೆಂಭಾವಿಯವಳು. ಮಿಲ್ಲಿನವರು ಬಿಸಾಡುವ ಭತ್ತದ ಹೊಟ್ಟನ್ನು ಸುಟ್ಟು, ಆ ಬೂದಿಯಿಂದ ಅವಳೊಂದು ನ್ಯಾನೋ ಪುಡಿ ಮಾಡಿದ್ದಳು. ಗಾಜಿನ ಕೊಳವೆಯಲ್ಲಿ ಪುಡಿ ತುಂಬಿ, ಮೇಲಿನಿಂದ ಬೋರಿನ ನೀರನ್ನು ಹನಿಹನಿಯಾಗಿ ಬಿಟ್ಟರೆ ನೀರಿನಲ್ಲಿದ್ದ ಫ್ಲೋರೈಡ್ ಪುಡಿಗೆ ಅಂಟಿಕೊಳ್ಳುತ್ತಿತ್ತು. ಹಲ್ಲು ಕಂದು ಮಾಡುವುದು, ಮೊಣಕಾಲು ಬಿಗಿಯುವುದು ಅದೇ ಫ್ಲೋರೈಡ್. ಪುಡಿ ಎಷ್ಟು ದಿನ ತಡೆದೀತು ಎಂಬುದೇ ಅವಳ ಪ್ರಶ್ನೆ. ಅದಕ್ಕಾಗಿ ಈಶಪ್ಪನ ಊರಿನ ನೀರನ್ನು ಆರಿಸಿದಳು.

ಮೊದಲ ಸಲ ತಾನೇ ಹೋಗಿ ಬೋರಿನಿಂದ ಒಂದು ಬಾಟಲಿ ಹಿಡಿದು ತಂದು ಅಳೆದಳು. ಫ್ಲೋರೈಡ್ ಲೀಟರಿಗೆ ನಾಲ್ಕು ಪಾಯಿಂಟ್ ಎರಡು ಮಿಲಿಗ್ರಾಂ ಬಂತು. ಒಂದೂವರೆ ದಾಟಿದರೇ ಕುಡಿಯಬಾರದು. ಆ ದಿನ ಈಶಪ್ಪನ ಅಕ್ಕ ಕರೆಮ್ಮ ಹತ್ತಿ ಬಿಡಿಸಲು ಹೋಗಿದ್ದಳು, ಏನು ನಡೆಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ನೀರು ತರುವ ಕೆಲಸ ಈಶಪ್ಪನದಾಯಿತು. “ಅಕ್ಕ, ಯೂನಿವರ್ಸಿಟಿಯವ್ರಿಗೆ ನೀರು ಬೇಕಂತ. ವಾರಕ್ಕ ನಾಲ್ಕು ಕ್ಯಾನು ತುಂಬಿಸಿಡು” ಎಂದ. ಯಾವ ನೀರು ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಪ್ರತಿ ಭಾನುವಾರ ಸಂಜೆ ಅವನು ಊರಿಗೆ ಹೋಗುವ ಹೊತ್ತಿಗೆ ಕ್ಯಾನುಗಳು ಬಾಗಿಲಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಸೋಮವಾರ ಬೆಳಿಗ್ಗೆ ಕಂಡಕ್ಟರನ ಬೈಗುಳ ತಿನ್ನುತ್ತ ಅವನ್ನು ಬಸ್ಸಿಗೆ ಏರಿಸುತ್ತಿದ್ದ.

ಮೋನಮ್ಮ ಕೊಳವೆಯಿಂದ ಹೊರಬಂದ ನೀರನ್ನು ದಿನಾ ಅಳೆದಳು. ಒಳಗೆ ಹೋಗುವುದನ್ನು ಅಳೆಯಲಿಲ್ಲ. ಊರು ಅದೇ, ಬೋರು ಅದೇ, ಮತ್ತೇನು ಅಳೆಯುವುದು ಎಂದುಕೊಂಡಳು. ದೊಡ್ಡ ಓದಿನವರು ಎಡವುವುದೂ ಹೊಸ್ತಿಲಲ್ಲೇ. ಹತ್ತು ದಿನ, ಇಪ್ಪತ್ತು ದಿನ, ಐವತ್ತು ದಿನವಾದರೂ ಪುಡಿ ಸೋಲಲಿಲ್ಲ. ಬಸವಂತ್ರಾಯ ಸರ್ ಖುಷಿಯಿಂದ ಎಲ್ಲರಿಗೂ ಪೇಢೆ ಹಂಚಿದರು. ಬರುವ ತಿಂಗಳು ಈಶಪ್ಪನ ಊರಿನ ಶಾಲೆಗೇ ಮೊದಲ ಫಿಲ್ಟರ್, ಎರಡು ತಿಂಗಳಿಗೊಮ್ಮೆ ಪುಡಿ ಬದಲಿಸಿದರೆ ಸಾಕು ಎಂದರು. ಕರೆಮ್ಮನ ಮೊಮ್ಮಗಳು ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ಈಶಪ್ಪ ಆ ದಿನ ನೆಲದ ಮೇಲೆ ನಡೆಯಲಿಲ್ಲ.

ಸುದ್ದಿ ಹೇಳುವ ಅವಸರಕ್ಕೆ ಒಂದು ದಿನ ಮುಂಚೆ, ಶನಿವಾರವೇ ಊರಿಗೆ ಹೋದ. ಕಾಲುವೆ ದಾರಿಯಲ್ಲಿ ಕರೆಮ್ಮ ತಲೆಯ ಮೇಲೆ ಕೊಡ ಹೊತ್ತು, ಮೊಣಕಾಲು ಮಡಚಲಾಗದೆ ಕಾಲೆಳೆಯುತ್ತ ಬರುತ್ತಿದ್ದಳು.

“ಇದೇನಕ್ಕ, ಈ ಕಾಲಾಗ ಇಲ್ಲೀತನ ಯಾಕ ಬಂದಿ?”

“ನಿನ್ನ ಕ್ಯಾನಿಗೋ ತಮ್ಮ. ಇನ್ನೊಂದು ಸುತ್ತು ಆದ್ರ ಆಯ್ತು.”

ಈಶಪ್ಪ ಅವಳ ತಲೆಯ ಮೇಲಿನ ಕೊಡ ಇಳಿಸಿಕೊಂಡ. “ಬೋರಿನ ನೀರು ಬೇಕಾಗಿತ್ತಲ್ಲಕ್ಕ!”

ಕರೆಮ್ಮ ಅವನನ್ನೇ ದಿಟ್ಟಿಸಿದಳು. “ತಲಿ ಕೆಟ್ಟದೇನು ನಿಂಗ? ಅದ್ರಾಗ ಬ್ಯಾಳಿ ಸೈತ ಬೇಯೂದಿಲ್ಲ. ಓದಿದ ಮಂದಿ ನಮ್ಮೂರಿಂದ ನೀರು ಕೇಳ್ಯಾರ, ಅಂಥಾದ್ದು ಕೊಟ್ರ ಊರ ಮಾನ ಏನಾಗ್ತದ?”

ಬೀಗರು ಬಂದರೆ, ಮೇಷ್ಟ್ರು ಬಂದರೆ ಕಾಲುವೆ ನೀರು ತಂದು ಕೊಡುವುದು ಆ ಊರಿನ ಪದ್ಧತಿ. ಈಶಪ್ಪನಿಗೂ ಗೊತ್ತಿದ್ದ ಸಂಗತಿ. ಅದಕ್ಕೇ ತನ್ನ ಮೇಲೆ ತನಗೇ ಸಿಟ್ಟು ಬಂತು.

ಭಾನುವಾರವಿಡೀ ಅವನು ಅದನ್ನೇ ಲೆಕ್ಕ ಹಾಕಿದ. ಹೇಳಿದರೆ ಮೋಸ ಮಾಡಿದ ಎಂದಾರು, ಮಾರ್ಚಿನಲ್ಲಿ ಸಹಿ ಬೀಳಲಿಕ್ಕಿಲ್ಲ. ಮುಂದಿನ ವಾರದಿಂದ ಸುಮ್ಮನೆ ಬೋರಿನ ನೀರು ಒಯ್ದರಾಯಿತು ಎಂದೂ ಅನ್ನಿಸಿತು. ಆದರೆ ಶಾಲೆಗೆ ಫಿಲ್ಟರ್ ಬಂದೇ ಬರುತ್ತದೆ. ಮಕ್ಕಳು ಒಳ್ಳೆಯ ನೀರೆಂದು ನಂಬಿ ಹೊಟ್ಟೆ ತುಂಬ ಕುಡಿಯುತ್ತವೆ. ಅವನಿಗೆ ಭಯವಾಯಿತು. ಸೋಮವಾರ ಮೋನಮ್ಮ ಲ್ಯಾಬಿಗೆ ಬಂದ ಕೂಡಲೇ ಎಲ್ಲ ಹೇಳಿಬಿಟ್ಟ.

ಅವಳು ಕ್ಯಾನಿನ ನೀರನ್ನು ಅಳೆದಳು. ಸೊನ್ನೆ ಪಾಯಿಂಟ್ ನಾಲ್ಕು. ಪುಡಿಗೆ ಹಿಡಿಯಲು ಫ್ಲೋರೈಡೇ ಹೆಚ್ಚೇನೂ ಇರಲಿಲ್ಲ. ಮತ್ತೊಮ್ಮೆ ಅಳೆದಳು. ಆಮೇಲೆ ಸ್ಟೂಲಿನ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತಳು.

“ತಪ್ಪು ನಂದ್ರಿ ಮೇಡಂ.”

“ನಿಮ್ಮದಲ್ಲ ಈಶಪ್ಪಣ್ಣ. ಅಳೀಬೇಕಾದಾಕಿ ನಾನು” ಎಂದು ಮೂಗು ಒರೆಸಿಕೊಂಡು ನೇರ ಬಸವಂತ್ರಾಯರ ಕೋಣೆಗೆ ಹೋದಳು. ಸರ್ ಕೂಗಾಡಿದ್ದು ವರಾಂಡದವರೆಗೂ ಕೇಳಿಸಿತು. ಈಶಪ್ಪನ ಹೆಸರು ಮಾತ್ರ ಕೇಳಿಸಲಿಲ್ಲ. ಅದಕ್ಕೆ ಅವನು ಅವಳಿಗೆ ಇವತ್ತಿಗೂ ಋಣಿ.

ಆ ವಾರ ಮೋನಮ್ಮ ತಾನೇ ಅವನ ಜೊತೆ ಊರಿಗೆ ಹೋದಳು. ಕರೆಮ್ಮ ತಂಬಿಗೆ ತುಂಬ ಕಾಲುವೆ ನೀರು ತಂದಿಟ್ಟಳು.

“ಇದು ಬ್ಯಾಡ್ರೀ ಅಮ್ಮ. ನೀವು ದಿನಾ ಕುಡಿಯೋ ನೀರು ಕೊಡ್ರಿ.”

ಕರೆಮ್ಮ ಮುಖ ತಿರುಗಿಸಿದಳು. “ಅದು ನಮಗಷ್ಟರೀ. ಮಂದಿಗೆ ಕೊಡೂದಲ್ಲ.”

ಹೊಸ ಪುಡಿ, ಹೊಸ ಕೊಳವೆ, ಈ ಸಲ ಬೋರಿನದೇ ನೀರು. ಎರಡೂ ಕಡೆ ದಿನಾ ಅಳೆದರು. ಒಂಬತ್ತನೆಯ ದಿನ ಪುಡಿ ಸೋತಿತು, ಹೊರಬಂದ ನೀರು ಒಂದೂವರೆ ದಾಟಿತು. ಶಾಲೆಗೆ ಫಿಲ್ಟರ್ ಹಾಕುವುದನ್ನು ಮುಂದೂಡಿದರು. ಪುಡಿ ಇನ್ನಷ್ಟು ದಿನ ತಡೆಯುವಂತೆ ಮಾಡಲು ಮೋನಮ್ಮನಿಗೆ ಮತ್ತೊಂದು ವರ್ಷ ಬೇಕಿತ್ತು. ಈಶಪ್ಪನ ನೌಕರಿಗೆ ಸಹಿಯೇನೋ ಆ ಮಾರ್ಚಿನಲ್ಲೂ ಬಿತ್ತು.

ಒಂಬತ್ತು ದಿನದ ಆ ಲೆಕ್ಕವನ್ನು ಅಕ್ಕನಿಗೆ ಹೇಳುವ ಕೆಲಸ ಈಶಪ್ಪನ ಪಾಲಿಗೆ ಬಂತು. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ ಕರೆಮ್ಮ ಮೊಣಕಾಲು ತಿಕ್ಕಿಕೊಳ್ಳುತ್ತ ಎಲ್ಲ ಕೇಳಿದಳು.

“ಒಂಬತ್ತ ದಿನಕ್ಕ ಸಾಕಾಯ್ತೇನು ನಿಮ್ಮ ಹಿಟ್ಟಿಗೆ?” ಎಂದಳು. “ನಾವು ಇಪ್ಪತ್ತೆರಡು ವರ್ಷದಿಂದ ಕುಡ್ಯಾಕತ್ತೀವಲ್ಲೋ.”