ಮಂಗಳವಾರದ ಚುನಾವಣೆ

ಕುವೈತಿನ ಕನ್ನಡಿಗರಲ್ಲಿ ಈರಯ್ಯನ ಹೆಸರು ಕೇಳದವರು ಕಡಿಮೆ. ರೋಣದ ಕಡೆಯವನು. ಮಿರ್ಕಾಬಿನ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿಗೆಂದು ಬಂದು ಮೂವತ್ತು ವರ್ಷದಲ್ಲಿ ಸೂಪರ್‌ವೈಸರ್ ಆದ. ಆದರೆ ಜನಕ್ಕೆ ಅವನ ಗುರುತು ಲಿಫ್ಟಿನಿಂದಲ್ಲ, ಕನ್ನಡ ಸಂಘದಿಂದ. ನಾಲ್ಕು ಸಲ ಅಧ್ಯಕ್ಷ! ಮನೆಯ ಕಪಾಟು ತೆಗೆದರೆ ಬಟ್ಟೆಗಿಂತ ಶಾಲುಗಳೇ ಹೆಚ್ಚು.

ಮೊದಮೊದಲು ಅವನು ಹೀಗಿರಲಿಲ್ಲ ನೋಡಿ. ಹೊಸದರಲ್ಲಿ ಬೆಂಕಿಯಂಥ ಮನುಷ್ಯ. ಕರಾವಳಿಯವರೇ ಎಷ್ಟು ವರ್ಷ ಕುರ್ಚಿಗೆ ಅಂಟಿಕೊಂಡಿರುತ್ತೀರಿ ಎಂದು ರಾಜ್ಯೋತ್ಸವದ ದಿನ ವೇದಿಕೆ ಹತ್ತಿ ಮೈಕ್ ಕಿತ್ತುಕೊಂಡವನು ಇವನೇ. ಕುರ್ಚಿಗಳು ಹಾರಾಡಿದವು, ಸಂಘ ಎರಡು ಹೋಳಾಗುವುದರಲ್ಲಿತ್ತು. ಆಗ ಕರಾವಳಿಯವರ ಮುಖಂಡ, ಅತ್ತರಿನ ಅಂಗಡಿಯ ಇಬ್ರಾಹಿಂ ಖಲೀಲ್, ಇವನನ್ನು ಬ್ನೇದ್ ಅಲ್ ಗಾರ್‌ನ ತನ್ನ ಮನೆಗೆ ಊಟಕ್ಕೆ ಕರೆದ. ಖಲೀಲನ ಹೆಂಡತಿ ಅಲೀಮಮ್ಮ ಮಾಂಸ ಮುಟ್ಟದ ಈರಯ್ಯನಿಗಾಗಿ ಹೊಸ ಪಾತ್ರೆಯನ್ನೇ ತರಿಸಿ ಅಡುಗೆ ಮಾಡಿದಳು. ಊಟ ಮುಗಿಯುವಷ್ಟರಲ್ಲಿ ರಾಜಿಯೂ ಮುಗಿದಿತ್ತು. ಎರಡು ವರ್ಷ ಕರಾವಳಿಯವರು, ಎರಡು ವರ್ಷ ಉತ್ತರ ಕರ್ನಾಟಕದವರು. ಪಟ್ಟಿ ಈ ಮನೆಯಲ್ಲೇ ಬರೆಯುವುದು, ಸಭೆಯಲ್ಲಿ ಓದುವುದು, ಮುಂದಿನ ಸಾಲಿನವರು ಚಪ್ಪಾಳೆ ತಟ್ಟುವುದು, ಖಲಾಸ್.

ಇಪ್ಪತ್ತು ವರ್ಷ ಹಾಗೇ ನಡೆಯಿತು. ಜಗಳವಿಲ್ಲ, ತಂಟೆಯಿಲ್ಲ. ಮಧ್ಯೆ ಒಮ್ಮೆ ಈರಯ್ಯನ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ ಧಣಿ, ಮುನಿದು ವಾಸದ ಪರವಾನಗಿ ಇಕಾಮಾ ನವೀಕರಿಸದೆ ಸತಾಯಿಸಿದಾಗ ಖಲೀಲನೇ ಹೋಗಿ ಆ ಅರಬ್ಬನ ಮನೆಯಲ್ಲಿ ಮೂರು ಸಂಜೆ ಕೂತು ಮಾತಾಡಿ ಬಗೆಹರಿಸಿದ. ಇಲ್ಲದಿದ್ದರೆ ಈರಯ್ಯ ಅಂದೇ ಗಂಟುಮೂಟೆ ಕಟ್ಟಬೇಕಿತ್ತು. ಅಂಥವನಿಗೆ ಕೊಟ್ಟ ಮಾತು ಮುರಿಯುವುದುಂಟೇ?

ಹಾಗಂತ ಈರಯ್ಯ ಬರೀ ಶಾಲಿನ ಆಸೆಯವನು ಅನ್ನಬೇಡಿ. ಮೂರನೇ ಸಲ ಅಧ್ಯಕ್ಷನಾದಾಗ ಸಂಘದ ನಿಯಮವನ್ನೇ ತಿದ್ದಿದ. ಅಲ್ಲಿಯವರೆಗೆ ಮನೆಗೊಂದು ವೋಟು, ಅದೂ ಗಂಡಸಿನದು. ಡ್ರೈವರುಗಳು, ದರ್ಜಿಗಳು, ಮನೆಗೆಲಸದ ಹೆಂಗಸರು ಸದಸ್ಯರೇ ಅಲ್ಲ. ಕನ್ನಡ ಆಡುವ, ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಒಂದು ವೋಟು ಎಂದು ಇವನು ಪಟ್ಟು ಹಿಡಿದ. ಕಮಿಟಿಯವರು ಮುಖ ಗಂಟಿಕ್ಕಿದರು, ಖಲೀಲನೂ ಗೊಣಗಿದ. ಇವನು ಜಗ್ಗಲಿಲ್ಲ. ಅಂದಿನಿಂದ ‘ವೋಟು ಕೊಟ್ಟ ಈರಯ್ಯ’ ಎಂದೇ ಹೆಸರಾಯಿತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವನ ಎದೆ ಉಬ್ಬುತ್ತಿತ್ತು, ಸುಳ್ಳೇಕೆ ಹೇಳಲಿ. ಪಟ್ಟಿ ಮಾತ್ರ ಅದೇ ಮನೆಯಲ್ಲಿ ತಯಾರಾಗುತ್ತಿತ್ತು. ಎದುರು ನಿಲ್ಲುವವರೇ ಇಲ್ಲದ ಮೇಲೆ ವೋಟು ಹಾಕುವ ಪ್ರಸಂಗವೇ ಬರಲಿಲ್ಲ.

ಈ ವರ್ಷ ಬಂತು. ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ವಿಜಯಶ್ರೀ ಅಧ್ಯಕ್ಷ ಸ್ಥಾನಕ್ಕೆ ಅರ್ಜಿ ಹಾಕಿದಳು. ಬಾಗಲಕೋಟೆಯವಳು, ಈರಯ್ಯನ ಸೀಮೆಯವಳೇ. ಹೋದ ಬೇಸಗೆಯಲ್ಲಿ ಮನೆಗೆಲಸದ ಹೆಂಗಸೊಬ್ಬಳು ಸೊಂಟ ಮುರಿದುಕೊಂಡು ಹದಿನೈದು ದಿನ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ, ಅವಳ ನೆರವಿಗೆ ರಾಯಭಾರ ಕಚೇರಿಗೆ ಸಂಘದಿಂದ ಒಂದು ಪತ್ರ ಕೊಡಿ ಎಂದು ಈಕೆ ಅಧ್ಯಕ್ಷನನ್ನು ಕೇಳಿದ್ದಳು. “ಕಾರ್ಯಕ್ರಮ ಒಂದು ಮುಗೀಲಿ ತಂಗಿ” ಅಂದಿದ್ದ ಅಧ್ಯಕ್ಷ. ಆ ಅಧ್ಯಕ್ಷ ಈರಯ್ಯನೇ. ಕಾರ್ಯಕ್ರಮ ಮುಗಿಯುವ ಮೊದಲೇ ಕೆಲಸಕ್ಕಿಟ್ಟುಕೊಂಡವರು ಆ ಹೆಂಗಸನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಬ್ಬಳನ್ನೇ ವಿಮಾನ ಹತ್ತಿಸಿದ್ದರು.

ಸರದಿ ಕರಾವಳಿಯದು. ಖಲೀಲ್ ಮುಂದಿನ ವರ್ಷ ಎಲ್ಲ ಮುಗಿಸಿಕೊಂಡು ಊರಿಗೆ ಹೊರಡುವವನು, ಅಧ್ಯಕ್ಷನಾಗಿಯೇ ಹೊರಡಬೇಕೆಂಬ ಆಸೆ ಅವನದು. ಯಥಾಪ್ರಕಾರ ಈರಯ್ಯನನ್ನು ಊಟಕ್ಕೆ ಕರೆದ. ಹತ್ತನೆಯ ಕ್ಲಾಸಿನ ಮೊಮ್ಮಗಳು ಸಹಲಾ ಅಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಶಾಲೆಯ ಪ್ರಾಜೆಕ್ಟ್ ಮಾಡುತ್ತಿದ್ದಳು.

“ಯಾವ ವಿಷಯ ಮಗಳೇ?” ಎಂದು ಈರಯ್ಯ ಕೇಳಿದ.

“ಸ್ಪೇನ್ ಅಂಕಲ್. ಓಲ್ಡ್ ಪ್ರೈಮ್ ಮಿನಿಸ್ಟರ್. ಲಿಬರಲ್. ಫಸ್ಟ್ ಹಿ ವಾಸ್ ಆ್ಯನ್ ಇಂಜಿನಿಯರ್, ನಿಮ್ಮ ಹಾಗೆ,” ಅಂದಳು ಹುಡುಗಿ. “ಹಿ ಗೇವ್ ಎವ್ರಿ ಮ್ಯಾನ್ ದ ವೋಟ್. ಬಟ್ ಎರಡು ಪಾರ್ಟಿಯವರು ಟರ್ನ್ಸ್ ತಗೊಳ್ತಿದ್ರು. ಯಾರು ಗೆಲ್ಲುದು ಅಂತ ಮೊದ್ಲೇ ಡಿಸೈಡ್ ಮಾಡಿ ಆಮೇಲೆ ಇಲೆಕ್ಷನ್. ಸೋ ಫನ್ನಿ, ಅಲ್ವಾ?”

ಈರಯ್ಯನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಖಲೀಲ್ ಮಾತ್ರ ಹೊಟ್ಟೆ ಕುಣಿಸಿ ನಕ್ಕ.

“ಅದೆಲ್ಲ ರಾಜರ ಕಾಲದ್ದು ಮಾರಾಯ್ತಿ, ನೀನು ಒಳಗೆ ಹೋಗಿ ಓದು,” ಎಂದು ಮೊಮ್ಮಗಳನ್ನು ಕಳಿಸಿ ಇವನ ಕಡೆ ತಿರುಗಿದ. “ನೋಡಿ ಈರಯ್ಯನವರೇ, ಆ ನರ್ಸಮ್ಮನಿಗೆ ನಿಲ್ಲಬೇಡಿ ಅಂತ ನಾನು ಹೇಳುದಿಲ್ಲ. ನಿಲ್ಲಲಿ. ಸಭೆ ಮೊದಲು ಹೇಳಿದ ಶುಕ್ರವಾರ ಬೇಡ, ಅದರ ಹಿಂದಿನ ಮಂಗಳವಾರ ಸಂಜೆ ಮಾಡುವ. ಅಷ್ಟೇ.”

“ಮಂಗಳಾರ ಯಾರ ಬರ್ತಾರ್ರೀ?”

“ಬರುವವರು ಬರ್ತಾರೆ.”

ಈರಯ್ಯನಿಗೆ ಅರ್ಥವಾಗದೆ ಏನು? ಆಫೀಸಿನವರು, ಕಾರಿದ್ದವರು ಬರುತ್ತಾರೆ. ಮನೆಗೆಲಸದವರಿಗೆ ಹೊರಗೆ ಕಾಲಿಡಲು ಸಿಗುವುದೇ ಶುಕ್ರವಾರ ಒಂದು ದಿನ. ಡ್ರೈವರುಗಳಿಗೂ, ದರ್ಜಿಗಳಿಗೂ ಅಷ್ಟೇ. ವಿಜಯಶ್ರೀಯ ವೋಟೆಲ್ಲ ಅಲ್ಲೇ ಇದ್ದದ್ದು. ವೋಟು ಕಿತ್ತುಕೊಳ್ಳಬೇಕಾಗಿಲ್ಲ, ದಿನ ಕಿತ್ತುಕೊಂಡರೆ ಸಾಕು. ಆಗುವುದಿಲ್ಲ ಎಂಬ ಮಾತು ಗಂಟಲವರೆಗೂ ಬಂತು. ಅಷ್ಟರಲ್ಲಿ ಅಲೀಮಮ್ಮ ಬಂದು, “ಇನ್ನು ಸ್ವಲ್ಪ ಹಾಕಿಕೊಳ್ಳಿ, ಎಂತ ಊಟ ಇದು ನಿಮ್ಮದು,” ಎಂದು ಬಡಿಸಿದಳು. ಈರಯ್ಯ ತಲೆ ತಗ್ಗಿಸಿ ಉಂಡ.

ಆ ಶನಿವಾರ ಸಂಜೆಯೇ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಅವನ ಸಹಿಯಿದ್ದ ಸೂಚನೆ ಹೋಯಿತು. ಶುಕ್ರವಾರ ಹಾಲ್ ಸಿಗದ ಕಾರಣ ಸಭೆ ಮತ್ತು ಚುನಾವಣೆ ಮಂಗಳವಾರ ಸಂಜೆ ಆರಕ್ಕೆ.

ಹೆಂಡತಿ ನೀಲಕ್ಕ ಫೋನ್ ನೋಡಿದವಳೇ ಅಡುಗೆಮನೆಯಿಂದ ಹೊರಗೆ ಬಂದಳು. “ಮಂಗಳಾರ ಅಂದ್ರ ಆ ಹೆಣ್ಮಕ್ಕಳು ಹೆಂಗ ಬರ್ತಾರ್ರಿ?”

“ಹಾಲ್ ಸಿಗಲಿಲ್ಲ.”

“ನೀವು ಕೇಳಿದ್ರೇನು?”

“ಕೇಳೀನಿ ಅಂದ್ನೆಲ್ಲ!” ಎಂದು ರೇಗಿದ. ಮೂವತ್ತು ವರ್ಷದ ಸಂಸಾರ, ನೀಲಕ್ಕನಿಗೆ ಅವನ ಸುಳ್ಳು ಗೊತ್ತಾಗುವುದಿಲ್ಲವೇ? ಅವಳು ಫೋನನ್ನು ಅವನ ಮುಂದಿಟ್ಟು ಅಡುಗೆಮನೆಗೆ ಮರಳಿದಳು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಮಂಗಳವಾರ ಸಂಜೆ ಎಂಬತ್ತೆರಡು ಜನ ಸೇರಿದ್ದರು. ವಿಜಯಶ್ರೀ ಡ್ಯೂಟಿಯ ಬಟ್ಟೆಯಲ್ಲೇ ಓಡೋಡಿ ಬಂದಳು. ಚೀಟಿ ಹಂಚಿ, ಡಬ್ಬಿ ಇಟ್ಟು, ಎಲ್ಲ ನಿಯಮದಂತೆಯೇ ನಡೆಯಿತು, ಕೂದಲಿನಷ್ಟೂ ತಪ್ಪು ಹುಡುಕಲಾಗದು. ಈರಯ್ಯನೇ ಎಣಿಸಿದ. ಖಲೀಲನಿಗೆ ಅರವತ್ತೊಂದು, ವಿಜಯಶ್ರೀಗೆ ಇಪ್ಪತ್ತು, ಒಂದು ಚೀಟಿ ಖಾಲಿ. ಆ ಖಾಲಿ ಚೀಟಿ ಅವನದೇ. ಇತ್ತ ಹಾಕಲು ಮನಸ್ಸಾಗಲಿಲ್ಲ, ಅತ್ತ ಹಾಕಲು ಧೈರ್ಯವಾಗಲಿಲ್ಲ, ಥೂ. ಮುಂದಿನ ಸಾಲು ಚಪ್ಪಾಳೆ ತಟ್ಟಿತು, ಹಳೆಯ, ಹೊಸ ಅಧ್ಯಕ್ಷರಿಬ್ಬರಿಗೂ ಶಾಲು ಹೊದಿಸಿದರು. ವಿಜಯಶ್ರೀ ಖಲೀಲನಿಗೆ ಕೈ ಮುಗಿದು, ಈರಯ್ಯನಿಗೂ ಅಷ್ಟೇ ವಿನಯದಿಂದ ಕೈ ಮುಗಿದು ಹೊರಟುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಅವನಿಗೆ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸಭಾಂಗಣದ ಕಾವಲುಗಾರ ನಿಸಾರ್ ಫೋನ್ ಮಾಡಿದ. “ಭಾಯಿ, ಆಪ್ ಕೇ ಲೋಗ್ ಆಯೇ ಹೈಂ. ಜಲ್ದಿ ಆವೋ.”

ಈರಯ್ಯ ಹೋಗಿ ನೋಡಿದರೆ ಐದು ಜನ ಹೆಂಗಸರು. ಬಿಸಿಲಿಗೆ ನಿಲ್ಲಿಸಲು ಮನಸ್ಸಾಗದೆ ನಿಸಾರ್ ಬಾಗಿಲು ತೆಗೆದು ಒಳಗೆ ಕೂರಿಸಿದ್ದ. ಇನ್ನೂರು ಖಾಲಿ ಕುರ್ಚಿಗಳ ನಡುವೆ, ಮುಂದಿನ ಸಾಲಿನಲ್ಲಿ, ಪೆಟ್ಟಿಗೆಯಲ್ಲಿಟ್ಟ ಒಳ್ಳೆಯ ಬಟ್ಟೆ ತೆಗೆದು ಉಟ್ಟುಕೊಂಡು ಕೂತಿದ್ದರು. ಇವನನ್ನು ಕಂಡೊಡನೆ ಎದ್ದು ನಿಂತರು. ಅವರಲ್ಲಿ ಹಿರಿಯಳು ಝೀನತ್, ಭದ್ರಾವತಿಯವಳು, ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿ ಕೆಲಸಕ್ಕಿದ್ದಾಳೆ. ವೋಟಿಗೆ ಗುರುತಿನ ಚೀಟಿ ಬೇಕೆಂದು ಯಾರೋ ಹೇಳಿದ್ದರಂತೆ, ಅದನ್ನು ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲೇ ಹಿಡಿದಿದ್ದಳು.

“ನಾವು ಬೇಗ ಬಂದ್ಬಿಟ್ವಾ ಸರ್? ಮೇಡಂ ಹನ್ನೆರಡರ ತನಕ ಬಿಟ್ಟಿದಾರೆ. ಊರಲ್ಲಿದ್ದಾಗ ವೋಟರ್ ಲಿಸ್ಟಲ್ಲಿ ನನ್ನ ಹೆಸರೇ ಇರಲಿಲ್ಲ, ಇದೇ ಮೊದಲ ವೋಟು.”

“ಮೆಸೇಜ್ ನೋಡಲಿಲ್ಲೇನವ್ವಾ?”

“ಫೋನು ಮೇಡಂ ಹತ್ರ ಇರುತ್ತೆ ಸರ್. ಶುಕ್ರವಾರ ರಾತ್ರಿ ಮಾತ್ರ ಕೊಡ್ತಾರೆ.”

ಹಾಲ್ ಸಿಗಲಿಲ್ಲ ಎಂಬ ಸುಳ್ಳು ಹೇಳಲು ಈರಯ್ಯ ಬಾಯಿ ತೆರೆದ. ಅದೇ ಹಾಲ್ ಒಳಗೆ ನಿಂತು ಹೇಗೆ ಹೇಳುವುದು?

“ಚುನಾವಣೆ ಮುಗದೈತವ್ವಾ. ಮಂಗಳಾರ. ದಿನಾ ಬದ್ಲಿ ಮಾಡಿದಾಂವ ನಾನ.”

ಝೀನತ್ ಉಳಿದವರ ಮುಖ ನೋಡಿದಳು. ಸಿಟ್ಟಿರಲಿಲ್ಲ ಅವಳಲ್ಲಿ, ಅರ್ಥವಾಗಿರಲಿಲ್ಲ ಅಷ್ಟೇ.

“ಯಾಕೆ ಸರ್? ಶುಕ್ರವಾರ ಆದ್ರೆ ನಾವು ಬರ್ತೀವಿ ಅಂತ ನಿಮಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತವ್ವಾ,” ಅಂದ ಈರಯ್ಯ. “ಅದಕ್ಕ.”