ಮುಂದಿನ ಸೀಟಿನ ಭಾರ

ವ್ಯಾನ್ ಮಾರಿದ ಮೇಲೆ ಅಪ್ಪ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಕಣ್ಣು ಮಂಜಾಗಿದೆ, ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದದ್ದು ಡಾಕ್ಟರು. ಮುನಿಸು ಮಾತ್ರ ನನ್ನ ಮೇಲೆ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎನ್ನುವ ಕಾರ್ಖಾನೆಗಳ ಪ್ರದೇಶದ ನಮ್ಮ ಹೋಟೆಲಿಗೆ ಆ ವ್ಯಾನಿನಲ್ಲಿ ವರ್ಷಗಟ್ಟಲೆ ತರಕಾರಿ ಹೇರಿಕೊಂಡು ಬಂದ ಮನುಷ್ಯ, ಹಿಂದಿನ ಮೂಲೆಯಲ್ಲಿ ಕಿಟಕಿಗೆ ಮುಖ ಕೊಟ್ಟು ಕೂರುತ್ತಿದ್ದರು. ಪಕ್ಕದ ಖಾಲಿ ಸೀಟು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಕಾರು ಕೊಳ್ಳುವಾಗ ಶೋರೂಮಿನವನು ‘ಡ್ರೈವ್‌ಟ್ರೇನ್ ಫ್ರಂಟ್ ವೀಲ್’ ಎಂದಿದ್ದ. ಎಂಜಿನ್ನಿನ ಬಲವನ್ನು ಚಕ್ರದವರೆಗೆ ಒಯ್ಯುವ ಕ್ಲಚ್ಚು, ಗೇರ್‌ಬಾಕ್ಸು, ಆಕ್ಸಲ್ಲುಗಳ ಇಡೀ ಬಳಗಕ್ಕೆ ಆ ಹೆಸರು. ಎಂಜಿನ್ ಅದರಲ್ಲಿಲ್ಲ, ಅದನ್ನೂ ಸೇರಿಸಿದರೆ ಪವರ್‌ಟ್ರೇನ್. ಹೋಟೆಲಿನವಳಾದ ನಾನು ಸುಲಭ ಮಾಡಿಕೊಂಡೆ: ಎಂಜಿನ್ ಅಡುಗೆಮನೆ, ಡ್ರೈವ್‌ಟ್ರೇನ್ ಸಪ್ಲಾಯರುಗಳು. ಶೋರೂಮಿನವರ ಬಾಯಲ್ಲಿ ಆ ಮಾತಿಗೆ ಇಷ್ಟೇ ಅರ್ಥ, ಸಪ್ಲೈ ಯಾವ ಚಕ್ರಕ್ಕೆ ಎಂದು. ನನ್ನ ಕಾರಿನಲ್ಲಿ ಮುಂದಿನ ಎರಡಕ್ಕೆ, ಅಪ್ಪನ ವ್ಯಾನಿನಲ್ಲಿ ಹಿಂದಿನ ಎರಡಕ್ಕೆ.

ಈ ಮಳೆಗಾಲ ಸಾನಪಾಡಾದಲ್ಲಿ ತಂಗಿಯ ಸೀಮಂತ. ಡಿಕ್ಕಿ ತುಂಬ ಹೋಳಿಗೆ ಡಬ್ಬಿ, ನನ್ನ ಪಕ್ಕ ಸೋದರತ್ತೆ, ಹಿಂದೆ ಅಪ್ಪ. ಅವಳ ಹೌಸಿಂಗ್ ಸೊಸೈಟಿಯ ಗೇಟಿನೆದುರು ಪೈಪಿಗೆಂದು ಅಗೆದಿದ್ದ ಏರಿನಲ್ಲಿ ಮುಂದಿನ ಚಕ್ರಗಳು ಕೆಸರಿಗಿಳಿದು ನಿಂತಲ್ಲೇ ಗಿರಗಿರ ತಿರುಗಿದವು. ಅಪ್ಪನ ಮುಖ ಅರಳಿತು.

“ಹಿಂದೆ ಭಾರ ಬೇಕು ಮಾರಾಯ್ತಿ. ವ್ಯಾನ್ ಹೂತಾಗ ನಿಮ್ಮನ್ನೆಲ್ಲ ಹಿಂದೆ ಕೂರಿಸ್ತಿದ್ದದ್ದು ಮರ್ತುಹೋಯ್ತಾ?”

ಅತ್ತೆ ಹಿಂದಿನ ಸೀಟಿಗೆ ಹೋದರು. ಕಾರಿನ ಮೂತಿ ಮೇಲೆದ್ದಿತು. ಚಕ್ರ ಮೊದಲಿಗಿಂತ ಜೋರಾಗಿ ತಿರುಗಿ ವಾಚ್‌ಮನ್ನನ ಪ್ಯಾಂಟಿಗೆಲ್ಲ ಕೆಸರು.

“ನನ್ನ ಭಾರವೂ ಸಾಕಾಗ್ಲಿಲ್ವಾ ಅಣ್ಣ?”

“ಸಾಲದು,” ಎಂದರು ಅಪ್ಪ, ಗಂಭೀರವಾಗಿ.

“ಅಪ್ಪ, ಇದ್ರ ಡ್ರೈವ್‌ಟ್ರೇನ್ ಮುಂದೆ ಉಂಟು. ಎಳೆಯುವ ಚಕ್ರದ ಮೇಲೆ ಭಾರ ಬೇಕು. ನೀವು ಮುಂದೆ ಬನ್ನಿ,” ಎಂದೆ.

ಅವರು ಕಿಟಕಿಗೆ ಮುಖ ತಿರುಗಿಸಿದರು. ಹೇಳಬಾರದಿತ್ತೇನೋ ಎಂದು ಹೆದರಿಕೆಯಾಯಿತು. ಅತ್ತೆ ಮಾತ್ರ ಆಗಲೇ ಇಳಿದು ಡಬ್ಬಿಗಳನ್ನು ಮುಂದಿನ ಸೀಟಿನ ಬುಡಕ್ಕೆ ಸಾಗಿಸುತ್ತಿದ್ದರು. ಕೊನೆಗೆ ಅಪ್ಪ ಬಂದು ನನ್ನ ಪಕ್ಕ ಕೂತರು, ಕಾಲು ಡಬ್ಬಿಗಳ ನಡುವೆ.

“ಸೆಕೆಂಡಿಗೆ ಹಾಕು. ಮೆಲ್ಲ ಕ್ಲಚ್ ಬಿಡು.”

ಬಿಟ್ಟೆ. ಕಾರು ಏರು ಹತ್ತಿತು.

ಸಂಜೆ ವಾಪಸ್ ಹೊರಟಾಗ ಮಳೆ ನಿಂತು ರಸ್ತೆ ಒಣಗಿತ್ತು. ಡಬ್ಬಿಗಳೂ ಖಾಲಿ. ಅತ್ತೆ ಮುಂದಿನ ಬಾಗಿಲಿಗೆ ಕೈ ಹಾಕಿದರು.

“ನೀನು ಹಿಂದೆ ಕೂತ್ಕೊ,” ಎಂದರು ಅಪ್ಪ. “ಇದ್ರ ಡ್ರೈವ್‌ಟ್ರೇನ್ ಮುಂದೆ. ಭಾರ ಬೇಕು.”

ಒಣ ಡಾಂಬರಿನ ಮೇಲೆ ಯಾವ ಭಾರವೂ ಬೇಕಿರಲಿಲ್ಲ. ಆದರೂ ಅವರ ಕಾಲಿಗೆ ಜಾಗವಾಗಲೆಂದು ಸೀಟನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಟ್ಟೆ.